ನಾಯಕತ್ವ ಬಿ.ಎ. ತರಗತಿಗೂ ಬರಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,



2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಆದೇಶ ಅವರನ್ನು ಕೆರಳಿಸಿತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ದುಡ್ಡಿನಲ್ಲೇ ಮಗಳ ಮದುವೆ, ಮಗನ ಫೀಸು, ಹಳೇ ಸಾಲ ಎಲ್ಲವೂ ನಡೆಯಬೇಕು. ಹೊಸೂರು ರಸ್ತೆಯಲ್ಲಿ ಶುರುವಾದದ್ದು ಮರುದಿನ ಪೀಣ್ಯದ ಕಡೆಗೂ ಹಬ್ಬಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಯ ಹೊತ್ತಿಗೆ ಆದೇಶ ವಾಪಸಾಯಿತು.

ಅದೇ ದಿನ ವಾಹನಗಳಿಗೆ ಬೆಂಕಿ ಬಿತ್ತು. ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಮುಂದಾಳೇ ಇಲ್ಲದ ಜನ ಅಷ್ಟು ಬೇಗ ಗೆದ್ದದ್ದು ಹೇಗೆ? ಬೇಡಿಕೆ ನ್ಯಾಯವಾದದ್ದೇ, ಆದರೆ ಹಿಂಸೆಗೆ ಹೊಣೆ ಯಾರು? ಅಷ್ಟು ಜನರ ಪರವಾಗಿ ಮಾತುಕತೆಗೆ ಕೂರುವ ಹಕ್ಕು ಯಾರಿಗಿತ್ತು? ಒಂದು ಸೆಮಿಸ್ಟರ್ ಪೂರ್ತಿ ಚರ್ಚಿಸಿದರೂ ಮುಗಿಯದ ಪ್ರಶ್ನೆಗಳಿವು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ನೀತಿಶಾಸ್ತ್ರ ಎಲ್ಲವೂ ಇಲ್ಲಿ ಬೇಕು. ಅವನ್ನು ಒಟ್ಟಿಗೆ ಕೂಡಿಸುವ ‘ನಾಯಕತ್ವ ಅಧ್ಯಯನ’ ಎಂಬ ವಿಷಯ ಮಾತ್ರ ನಮ್ಮ ಸರ್ಕಾರಿ ಕಾಲೇಜುಗಳ ಬಿ.ಎ.ಯಲ್ಲಿ ಇಲ್ಲ.

ನಾಯಕತ್ವದ ಹೆಸರು ಪಠ್ಯದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಯುಜಿಸಿ 2019ರಲ್ಲಿ ತಂದ ‘ಜೀವನ್ ಕೌಶಲ್’ ಪಠ್ಯಕ್ರಮದಲ್ಲಿ ನಾಯಕತ್ವ ಮತ್ತು ನಿರ್ವಹಣಾ ಕೌಶಲಕ್ಕೆ 2 ಕ್ರೆಡಿಟ್ ಇದೆ. ಸಂವಹನ, ಸಂದರ್ಶನದ ತಯಾರಿಯ ಸಾಲಿನಲ್ಲೇ ಅದನ್ನೂ ಕೂರಿಸಲಾಗಿದೆ. ಅದರಿಂದ ಕೆಲಸ ಹುಡುಕುವವರಿಗೆ ಅನುಕೂಲವಾಗಬಹುದು. ಆದರೆ ಒಬ್ಬರ ಮಾತನ್ನು ಸಾವಿರಾರು ಜನ ಏಕೆ ಕೇಳುತ್ತಾರೆ, ಯಾವಾಗ ಕೇಳಬಾರದು ಎಂಬುದು ಕೌಶಲದ ಪಾಠವಲ್ಲ.

ಅಮೆರಿಕದ ರಿಚ್ಮಂಡ್ ವಿಶ್ವವಿದ್ಯಾಲಯ 1992ರಲ್ಲೇ ಪದವಿ ವಿದ್ಯಾರ್ಥಿಗಳಿಗೆಂದು ಜೆಪ್ಸನ್ ನಾಯಕತ್ವ ಅಧ್ಯಯನ ಶಾಲೆ ತೆರೆಯಿತು. ವ್ಯವಹಾರ ನಿರ್ವಹಣೆಯ ತರಗತಿಗಳಿಂದ ಆಚೆಗೆ, ಮಾನವಿಕ ಮತ್ತು ಸಮಾಜ ವಿಜ್ಞಾನಗಳ ನೆಲದಲ್ಲಿ ಅದು ನಿಂತಿತು. ಅದರ ಹಿಂದೆ ಇತಿಹಾಸಕಾರ ಜೇಮ್ಸ್ ಮೆಗ್ರೆಗರ್ ಬರ್ನ್ಸ್ 1978ರಲ್ಲಿ ‘ಲೀಡರ್‌ಶಿಪ್’ ಪುಸ್ತಕದಲ್ಲಿ ಮಂಡಿಸಿದ ಚಿಂತನೆಯಿತ್ತು. ಕೊಟ್ಟು ಪಡೆಯುವ ವ್ಯವಹಾರದಂಥ ನಾಯಕತ್ವ ಒಂದು. ನಾಯಕರನ್ನೂ ಹಿಂಬಾಲಕರನ್ನೂ ಒಟ್ಟಿಗೇ ಎತ್ತರಿಸುವಂಥದ್ದು ಇನ್ನೊಂದು ಎಂದರು ಬರ್ನ್ಸ್.

ಈ ಎರಡನೇ ಬಗೆಗೆ ಉದಾಹರಣೆ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಕಾಗೋಡು ಸಾಕು. ಅಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ಭೂಮಾಲೀಕರು ಮತ್ತು ಗೇಣಿದಾರರ ಜಗಳಕ್ಕೆ ಕಾರಣವಾಯಿತು. ಶಾಲಾ ಮೇಷ್ಟ್ರಾಗಿದ್ದ ಎಚ್. ಗಣಪತಿಯಪ್ಪ ದೀವರ ಗೇಣಿದಾರರನ್ನು ಸಂಘಟಿಸಿದರು. 1951ರಲ್ಲಿ ಸತ್ಯಾಗ್ರಹ ನಡೆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿಯಾದ ಭೂ ಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಡುವೆ ಎರಡು ದಶಕ ಕಳೆದಿತ್ತು. ನಮ್ಮ ಮಕ್ಕಳು ಅರಸರ ಹೆಸರನ್ನೂ ಇಸವಿಯನ್ನೂ ಬಾಯಿಪಾಠ ಮಾಡುತ್ತಾರೆ. ಹಳ್ಳಿಯ ಮೇಷ್ಟ್ರೊಬ್ಬರ ಸಂಘಟನೆಯಿಂದ ವಿಧಾನಸೌಧದ ಕಾಯ್ದೆಯವರೆಗಿನ ಹಾದಿಯನ್ನು ಅವರಿಗೆ ಒಂದೇ ಓಟದಲ್ಲಿ ತೋರಿಸುವವರು ಬೇಕು.

ಬೆಂಗಳೂರಿನ ನಮ್ಮ ಕಾಮಾಕ್ಷಿಪಾಳ್ಯದ ಮಾತು ಇಲ್ಲಿ ಬರಲೇಬೇಕು. ಮಾಗಡಿ ರಸ್ತೆಯ ಆಚೀಚೆ ಲೇತ್, ಪವರ್ ಪ್ರೆಸ್, ಪೌಡರ್ ಕೋಟಿಂಗ್ ಶೆಡ್‌ಗಳು; ಅವುಗಳಲ್ಲಿ ದುಡಿಯುವವರ ಮನೆಗಳಿಂದ ಕಾಲೇಜಿಗೆ ಹೋಗುವ ಮೊದಲ ತಲೆಮಾರಿನ ಹುಡುಗ ಹುಡುಗಿಯರು. ನಾಯಕರನ್ನು ಆರಿಸಿ, ಪ್ರಶ್ನಿಸಿ ನೋಡುವ ಅವಕಾಶ ಇವರಿಗೆ ಎಲ್ಲಿದೆ? ಕಾಮಾಕ್ಷಿಪಾಳ್ಯ ಬಿಬಿಎಂಪಿಯ 101ನೇ ವಾರ್ಡ್ ಆಗಿತ್ತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಗರ ನಡೆಸಿದರು. ಕಾಲೇಜಿನಲ್ಲಾದರೂ ಕಲಿಯೋಣವೆಂದರೆ, ಎಂಬತ್ತರ ದಶಕದ ಕೊನೆಗೆ ನಿಂತ ವಿದ್ಯಾರ್ಥಿ ಸಂಘದ ಚುನಾವಣೆ ಮೂರು ದಶಕ ದಾಟಿದರೂ ಮರಳಲಿಲ್ಲ. ಹಣ, ಜಾತಿ, ಹೊಡೆದಾಟದ ಭಯ ಸುಳ್ಳಲ್ಲ. ಆ ಭಯವನ್ನೂ ತರಗತಿಯಲ್ಲೇ ಚರ್ಚೆಗಿಡಬಹುದಲ್ಲವೇ?

ಹೊತ್ತು ಅನುಕೂಲವಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬದಲಾದ ಪದವಿ, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಪಠ್ಯಕ್ರಮ ಸಮಿತಿಗಳು ಕೂರುವಾಗ ಬಿ.ಎ.ಗೆ ನಾಯಕತ್ವ ಅಧ್ಯಯನದ ಒಂದು ಐಚ್ಛಿಕ ಪತ್ರಿಕೆ ಸೇರಿಸುವಂತೆ ತಾವು ಸೂಚಿಸಬೇಕು. ಪಶ್ಚಿಮ ಬೆಂಗಳೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅದು ಶುರುವಾಗಲಿ, ಕನ್ನಡದಲ್ಲೇ ನಡೆಯಲಿ. ಇತಿಹಾಸದ ಮೇಷ್ಟ್ರು ಮತ್ತು ರಾಜ್ಯಶಾಸ್ತ್ರದ ಮೇಡಂ ಜೊತೆಗೂಡಿ ಪಾಠ ಮಾಡಲಿ. ಕಾಗೋಡು, ಪಿಎಫ್ ಹೋರಾಟದಂಥ ಪ್ರಕರಣಗಳ ಪಠ್ಯವೊಂದನ್ನು ಇಲಾಖೆಯೇ ಸಿದ್ಧಪಡಿಸಲಿ. ಅರ್ಧ ಅಂಕ ಕ್ಷೇತ್ರಕಾರ್ಯಕ್ಕಿರಲಿ: ಗಾರ್ಮೆಂಟ್ಸ್ ಕಾರ್ಮಿಕರ ಸಂಘ, ಸ್ತ್ರೀಶಕ್ತಿ ಗುಂಪು, ವಾರ್ಡ್ ಸಮಿತಿ ಇವುಗಳಲ್ಲಿ ಒಂದರ ಸಭೆಗಳಿಗೆ ಹೋಗಿ, ತೀರ್ಮಾನ ಯಾರದಾಯಿತು, ಯಾರು ಬಾಯಿ ಬಿಡಲೇ ಇಲ್ಲ ಎಂದು ವಿದ್ಯಾರ್ಥಿ ಬರೆದು ತರಬೇಕು.

ತಮ್ಮ ಉತ್ತರವೂ ಬಹಿರಂಗವಾಗಿಯೇ ಬರಲಿ ಎಂಬ ಕೋರಿಕೆಯೊಂದಿಗೆ,

ಕಾಮಾಕ್ಷಿಪಾಳ್ಯದ ನಾಗರಿಕರೊಬ್ಬರು