ಅಪರೂಪದ ರಿಟ್ರೀವರ್ ಬೇಕಾ? ಮೊದಲ ನೀರ್ ಎಲ್ಲಿ ಅದ ಹೇಳ್ರಿ

(1/5)

ಸೀದಾ ವಿಷಯಕ್ಕ ಬರ್ತೀನಿ. "ಎಲ್ಲರ ಬಲ್ಲಿ ಲ್ಯಾಬ್ ಅದ, ನಮಗ ಬ್ಯಾರೆ ಏನರೆ ಬೇಕು" ಅಂತ ಅಪರೂಪದ ರಿಟ್ರೀವರ್ ಹುಡುಕೋರು ನಮ್ಮ ಸ್ಟೇಶನ್ ಬಜಾರದಾಗೂ ಅದಾರ, ಕಮಲಾಪುರದಾಗೂ ಅದಾರ. ಹೋದ ಪೋಸ್ಟಿನ ಕೆಳಗ ಬಂದ ಪ್ರಶ್ನೆನೂ ಅದೇ. ಟೋಲರ್ ತಗೋಬೇಕಾ, ಫ್ಲಾಟ್ ಕೋಟೆಡ್ ತಗೋಬೇಕಾ?

ನನ್ನ ಉತ್ತರ: ಎರಡೂ ಬ್ಯಾಡ.

ಆ ತಳಿಗಳು ಕೆಟ್ಟವು ಅಂತ ಅಲ್ರಿ. ಭಾಳ ಛೊಲೊ ನಾಯಿಗಳು. ಆದರ ನಾಯಿ ತಗೊಳ್ಳೋದಕ್ಕ "ಅಪರೂಪ" ಅನ್ನೋದು ಕಾರಣ ಆಗಂಗಿಲ್ಲ. ಅದು ಬರೇ ರೇಟ್ ಹೆಚ್ಚು ಮಾಡೋ ಮಾತು. ಯಾಕ ಅಂತ ಐದು ಕ್ಯಾಪ್ಶನ್‌ನಾಗ ಹೇಳ್ತೀನಿ. ಕೊನೀತನಕ ಓದಿ ಆಮ್ಯಾಲ ಜಗಳಕ್ಕ ಬರ್ರಿ.

(2/5)

ರಿಟ್ರೀವರ್ ಅಂದ್ರ ತಂದುಕೊಡೋ ನಾಯಿ. ಬೇಟೆಗಾರ ಹೊಡೆದ ಬಾತುಕೋಳಿ ನೀರಿಗೆ ಬಿದ್ದಾಗ ಈಜಿ ಹೋಗಿ, ಹಲ್ಲು ಊರದಂಗ ಬಾಯಾಗ ಹಿಡಿದು, ತಂದು ಕೈಗೆ ಕೊಡೋದು ಅದರ ಕೆಲಸ. ಲ್ಯಾಬ್ರಡಾರ್‌ನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೀನುಗಾರರ ನಾಯಿ. ಗೋಲ್ಡನ್ ರಿಟ್ರೀವರ್ ಸ್ಕಾಟ್ಲೆಂಡಿನ ಲಾರ್ಡ್ ಟ್ವೀಡ್‌ಮೌತ್ ಅವರ ಮನೆಯಲ್ಲಿ 1868ರಲ್ಲಿ ಹುಟ್ಟಿದ ಮರಿಗಳಿಂದ ಬೆಳೆದ ತಳಿ. ಇವೆರಡೂ ಎಲ್ಲರಿಗೂ ಗೊತ್ತಿರೋವು.

ಈಗ ಕಡಿಮೆ ಮಂದಿ ಸಾಕೋ ತಳಿ ನೋಡ್ರಿ. ಚೆಸಪೀಕ್ ಬೇ ರಿಟ್ರೀವರ್‌ದು ಅಮೆರಿಕದ ಮೇರಿಲ್ಯಾಂಡ್ ಕರಾವಳಿ. 1807ರಲ್ಲಿ ಒಡೆದ ಹಡಗಿನಿಂದ ಉಳಿಸಿದ ಎರಡು ಮರಿಗಳಿಂದ ಇದರ ಕತಿ ಶುರು ಆಗ್ತದ. ಇದರ ಕೂದಲಿಗೆ ಎಣ್ಣೆ ಅಂಶ ಅದ, ನೀರು ಚರ್ಮಕ್ಕ ಇಳಿಯಂಗಿಲ್ಲ. ಮಂಜುಗಡ್ಡೆ ತೇಲೋ ಕೊಲ್ಲಿಯೊಳಗ ದಿನಪೂರ್ತಿ ಈಜಲಿಕ್ಕೆ ಅದು ಬೇಕೇಬೇಕು. ಕರ್ಲಿ ಕೋಟೆಡ್‌ಗೆ ಗುಂಗುರು ಗುಂಗುರು ಕೂದಲು, ಅದೂ ತಣ್ಣೀರಿಗೇ. ಟೋಲರ್ ಅಂದ್ರ ನೋವಾ ಸ್ಕೋಶಿಯಾದ ನಾಯಿ, ಕೆನಡಾ ಕೆನಲ್ ಕ್ಲಬ್ 1945ರಲ್ಲಿ ಮಾನ್ಯ ಮಾಡಿದ್ದು. ಇದರ ಆಟ ಇನ್ನೂ ಮಜಾ ಅದ. ದಂಡಿ ಮ್ಯಾಲ ಜಿಗಿದಾಡ್ತಾ ಕುಣೀತದ, ದೂರ ಇರೋ ಬಾತುಗಳು "ಏನಿದು" ಅಂತ ಸಮೀಪ ಬರ್ತಾವ, ಆಗ ಬೇಟೆಗಾರ ಹೊಡೀತಾನ, ಆಮ್ಯಾಲ ಇದೇ ನಾಯಿ ಹೋಗಿ ತರ್ತದ.

ಅಲ್ಲಿನ ಬೇಟೆಗಾರ ಲ್ಯಾಬ್ ಬಿಟ್ಟು ಇವನ್ನ ತಗೊಂಡ್ರ ಅದಕ್ಕ ಕಾರಣ ಅದ. ಅವನ ನೀರು ಎಷ್ಟು ತಣ್ಣಗದ, ಅಲೆ ಎಷ್ಟು ಅದ, ಹಕ್ಕಿ ಎಷ್ಟು ದೂರ ಕೂಡ್ತದ ನೋಡಿ ಆರಿಸ್ತಾನ. ಅವನು ನೀರಿನಿಂದ ನಾಯಿಗೆ ಬರ್ತಾನ. ನಾವು ರೀಲ್ಸಿನಿಂದ ನಾಯಿಗೆ ಬರ್ತೀವಿ. ಅವನ ನಾಯಿ ತರೋ ಬದಲು ಅವನ ಪ್ರಶ್ನೆ ತರಬೇಕಿತ್ತು.

(3/5)

ಆ ಪ್ರಶ್ನೆ ನಮ್ಮೂರಿಗೆ ಕೇಳೋಣು. ಕೆಲಸ ಏನದ? ನೀರು ಎಲ್ಲದ?

ಕೆಲಸ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದ, 1991ರ ತಿದ್ದುಪಡಿ ಆದ ಮ್ಯಾಲ ಲೈಸೆನ್ಸ್ ತಗೊಂಡು ಮೋಜಿಗೆ ಬೇಟೆ ಆಡೋ ದಾರಿನೂ ಮುಚ್ಚಿತು. ಆ ಕಾಯ್ದೆಯೊಳಗ ಬೇಟೆ ಅಂದ್ರ ಬರೇ ಗುಂಡು ಹೊಡೆಯೋದಲ್ಲ. ಬಲೆ ಹಾಕೋದು, ಹಿಡೀಲಿಕ್ಕೆ ಬೆನ್ನಟ್ಟೋದು, ಹಕ್ಕಿಯ ಮೊಟ್ಟೆ ಗೂಡು ಕದಡೋದು ಎಲ್ಲಾ ಬೇಟೆನೇ. ಹಿಂಗಾಗಿ "ಕೆರಿಗೆ ಬಿಟ್ರ ಬಾತಿನ ಹಿಂದ ಹ್ಯಾಂಗ ಓಡ್ತದ ನೋಡ್ರಿ" ಅನ್ನೋ ವಿಡಿಯೋ ಹಾಕೋಕಿಂತ ಮೊದಲ ಸ್ವಲ್ಪ ವಿಚಾರ ಮಾಡ್ರಿ. ಗದಗ ಜಿಲ್ಲೆಯ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರ್ತಾವ. ಆ ಕೆರಿ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ಚಳಿಗಾಲದಾಗ ಬೇಕಾಗಿರೋದು ಮೇವು ಮತ್ತ ವಿಶ್ರಾಂತಿ. ನಮ್ಮ ನಾಯಿಗೆ ಅದು ಆಟ ಇರಬಹುದು, ಹಕ್ಕಿಗೆ ಆಟ ಅಲ್ಲ.

ಇನ್ನ ನೀರು. ಏಪ್ರಿಲ್, ಮೇ ತಿಂಗಳದಾಗ ನಮ್ಮಲ್ಲಿ 40 ಡಿಗ್ರಿ ದಾಟೋದು ಸುದ್ದೀನೇ ಅಲ್ಲ, ಕೆಲವು ದಿನ 43, 44ಕ್ಕೂ ಹೋಗ್ತದ. ನಾಯಿಗೆ ನಮ್ಮಂಗ ಮೈಯೆಲ್ಲಾ ಬೆವರಂಗಿಲ್ಲ. ನಾಲಿಗೆ ಹೊರಗ ಹಾಕಿ ತೇಕಿದ್ರನ ಅದರ ಮೈ ತಣ್ಣಗಾಗೋದು. ಗಾಳಿನೇ ಮೈಕಿಂತ ಬಿಸಿ ಇದ್ದಾಗ ಎಷ್ಟು ತೇಕಿದ್ರೂ ಸಾಲಂಗಿಲ್ಲ. ತಣ್ಣೀರಿಗೆ ಅಂತ ಬೆಳೆದ ಎರಡು ಪದರದ ಕೂದಲು, ಕೆಳಗ ಅಂಗಡಿ ಮ್ಯಾಲ ಮನಿ, ತಗಡಿನ ಮಾಳಿಗಿ, ಮ್ಯಾಲಿಂದ ಕರೆಂಟ್ ಹೋತು ಅಂದ್ರ ಆ ಜೀವದ ಪಾಡು ಏನು? ಲೂ ಹೊಡೆದು ನಾಯಿ ಸಾಯೋದಕ್ಕ ಒಂದು ಮಧ್ಯಾಹ್ನ ಸಾಕು.

(4/5)

"ಹಂಗಾದ್ರ ಲ್ಯಾಬ್ ಕೂಡ ತಣ್ಣೀರಿನ ನಾಯಿನೇ ಅಲ್ಲ?" ಅಂತ ಕೇಳ್ತೀರಿ. ಹೌದ್ರಿ, ಖರೆ ಮಾತು. ಲ್ಯಾಬ್‌ಗೂ ನಮ್ಮ ಬಿಸಿಲು ಕಷ್ಟನೇ. ಆದರ ಒಂದು ಫರಕ್ ಅದ, ಬಿಕಾಂ ಹುಡುಗನ ಭಾಷಾದಾಗ ಹೇಳ್ತೀನಿ. ಲ್ಯಾಬ್ ಬಗ್ಗೆ ಮಾರ್ಕೆಟ್‌ನಾಗ ಮಾಹಿತಿ ಅದ. ನಿಮ್ಮ ಓಣಿಯೊಳಗ ದೊಡ್ಡ ಲ್ಯಾಬ್ ನೋಡಬಹುದು, ಸಾಕಿದವರನ್ನ ಕೇಳಬಹುದು, ಪಶು ಡಾಕ್ಟರ್ ಅದನ್ನ ನೂರಾರು ಸಲ ನೋಡಿರ್ತಾರ. ಅಪರೂಪದ ತಳಿಯೊಳಗ ಮಾರೋನಿಗೆ ಎಲ್ಲಾ ಗೊತ್ತಿರ್ತದ, ಕೊಳ್ಳೋನಿಗೆ ಏನೂ ಗೊತ್ತಿರಂಗಿಲ್ಲ. ಅಂಥ ಸೌದಾದಾಗ ಯಾರು ಲುಕ್ಸಾನ್ ಆಗ್ತಾರ ನೀವೇ ಹೇಳ್ರಿ. ಎರಡು ತಿಂಗಳ ಮರಿ ನೋಡಿ ಇದು ಟೋಲರ್, ಇದು ಮಿಕ್ಸ್ ಅಂತ ಗುರುತಿಸೋದು ನಮ್ಮ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ.

ಎರಡನೇದು, ಸಂಖ್ಯೆ ಕಡಿಮೆ ಇದ್ದಲ್ಲಿ ಸಂಬಂಧದೊಳಗಿನ ಸಂಬಂಧ ಹೆಚ್ಚು. ಅದದೇ ನಾಲ್ಕು ನಾಯಿಗಳಿಂದ ಮರಿ ಮಾಡಿಸ್ತಾ ಹೋದ್ರ ಜಡ್ಡು ಮರಿಗೂ ಇಳೀತಾವ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ವಿಷಯ ಹೇಳಿದ್ರು. ಹಸಿವು ತೀರಿತು ಅಂತ ಮೆದುಳಿಗೆ ತಿಳಿಸೋ ಕೆಲಸದೊಳಗಿನ ಒಂದು ಜೀನ್ ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಕೆಟ್ಟಿರ್ತದ. ಅದಕ್ಕೇ ಅವು ಯಾವಾಗಲೂ ತಿನ್ನಲಿಕ್ಕೆ ಬೇಡೋದು, ದಪ್ಪ ಆಗೋದು. ಅದೇ ಜೀನ್ ಬದಲಾವಣೆ ಫ್ಲಾಟ್ ಕೋಟೆಡ್‌ನಲ್ಲೂ ಸಿಕ್ಕದ. ಅಂದ್ರ ಲ್ಯಾಬ್ ಬಿಟ್ಟು ಅಪರೂಪದ್ದಕ್ಕ ಹೋದ್ರ ತಾಪತ್ರಯ ತಪ್ಪತದ ಅನ್ನೋದು ಸುಳ್ಳು.

ಮೂರನೇದು ಕಾಯ್ದೆ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರಂಗಿಲ್ಲ. "ನೋಂದಣಿ ನಂಬರ್ ಕೊಡ್ರಿ, ತಾಯಿ ನಾಯಿ ತೋರಿಸ್ರಿ" ಅಂತ ಎರಡೇ ಮಾತು ಕೇಳಿ ನೋಡ್ರಿ. ಫೋನ್ ಕಟ್ ಆತು ಅಂದ್ರ ನಿಮ್ಮ ರೊಕ್ಕ ಉಳೀತು ಅಂತ ತಿಳ್ಕೋರಿ.

(5/5)

ಅಪರೂಪದ ತಳಿ ಯಾರೂ ಸಾಕದಿದ್ರ ಅವು ಉಳಿಯೋದು ಹ್ಯಾಂಗ ಅಂತೀರಿ? ಛೊಲೊ ಪ್ರಶ್ನೆ. ಉಳಿಸಬೇಕು ಅನ್ನೋ ಹಟ ಇದ್ರ ನಮ್ಮದೇ ಒಂದು ಅದ, ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯದು, ಘೋರ್ಪಡೆ ಅರಸರು ಬೆಳೆಸಿದ್ದು. 2005ರಲ್ಲಿ ಅಂಚೆ ಚೀಟಿ ಮ್ಯಾಲ ಬಂತು, 2016ರಲ್ಲಿ ಮರಿಗಳು ತರಬೇತಿಗೆ ಅಂತ ಮೀರತ್‌ನ ಸೇನಾ ಕೇಂದ್ರಕ್ಕ ಹೋದವು. ನಮ್ಮ ಬೀದರದ ಪಶು ವಿಶ್ವವಿದ್ಯಾಲಯ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕ ಅಂತನೇ ಸಂಶೋಧನಾ ಕೇಂದ್ರ ನಡೆಸ್ತದ. ತೆಳ್ಳನ ಮೈ, ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಹೊಂದೋ ಜೀವ.

ಆದರ ಅದನ್ನೂ ಎಲ್ಲರೂ ತಗೋರಿ ಅಂತ ನಾ ಹೇಳಂಗಿಲ್ಲ. ಅದು ಕಣ್ಣಿಗೆ ಕಂಡಿದ್ದನ್ನ ಓಡಿ ಹಿಡಿಯೋ ನಾಯಿ. ಚೆಂಡು ತಂದು ಕೈಗೆ ಕೊಡ್ತದ ಅಂತ ಕಾಯಬ್ಯಾಡ್ರಿ. ಕಮಲಾಪುರ ಕಡಿ ಹೊಲದಾಗ ಮನಿ ಅದ, ಬೇಲಿ ಅದ, ಓಡಲಿಕ್ಕೆ ಜಾಗ ಅದ ಅಂದ್ರ ವಿಚಾರ ಮಾಡ್ರಿ. ಸ್ಟೇಶನ್ ಬಜಾರದ ಎರಡನೇ ಮಾಳಿಗ್ಯಾಗ ಕಟ್ಟಿ ಹಾಕೋದಾದ್ರ ಬ್ಯಾಡೇಬ್ಯಾಡ. ಅಲ್ಲಿ ಓಣಿಯೊಳಗ ಹುಟ್ಟಿದ ಒಂದು ಮರಿಗೆ ರೇಬೀಸ್ ಸೂಜಿ ಹಾಕಿಸಿ ಮನಿ ಒಳಗ ಕರ್ಕೊಳ್ರಿ. ಈ ಬಿಸಿಲು ಅದಕ್ಕ ಹೊಸದಲ್ಲ.

ಸೇವ್ ಮಾಡಿ ಇಟ್ಕೊಳ್ರಿ. ಯಾವ ನಾಯಿ ತಗೊಳ್ಳೋಕೂ ಮೊದಲ ಇವನ್ನ ಕೇಳ್ಕೋರಿ:

1. ಮೇ ತಿಂಗಳದಾಗ ಮಧ್ಯಾಹ್ನ 2 ಗಂಟೆಗೆ, ಕರೆಂಟ್ ಇಲ್ಲದಾಗ, ನಾಯಿ ಎಲ್ಲಿ ಮಲಗ್ತದ?
2. ಬಿಸಿಲು ಏರೋಕೂ ಮೊದಲ ದಿನಾ ಯಾರು ಅಡ್ಡಾಡಿಸ್ತಾರ?
3. ಈ ತಳಿಯ ದೊಡ್ಡ ನಾಯಿಯನ್ನ ಕಣ್ಣಾರೆ ನೋಡೀರೇನು?
4. ನಿಮ್ಮ ಪಶು ಡಾಕ್ಟರ್ ಈ ತಳಿಗೆ ಯಾವಾಗರೆ ಔಷಧ ಕೊಟ್ಟಾರೇನು?
5. ನಾಯಿ ಹತ್ತು ಹನ್ನೆರಡು ವರ್ಷ ಬದುಕ್ತದ. ನೀವು ನೌಕರಿಗೆ ಬೆಂಗಳೂರಿಗೋ ಪುಣೆಗೋ ಹೋದ್ರ ಅದರ ಪಾಲಿಗೆ ಯಾರು?

ನನ್ನ ವಯಸ್ಸಿನವರಿಗೆ ಐದನೇದು ಭಾಳ ಮುಖ್ಯ. ಇಪ್ಪತ್ತಕ್ಕ ತಂದ ನಾಯಿ ಮೂವತ್ತೆರಡಕ್ಕೂ ನಿಮ್ಮದೇ. ನೀವು ಊರು ಬಿಟ್ಟ ಮ್ಯಾಲ ಅದನ್ನ ನೋಡ್ಕೊಳ್ಳೋದು ಅವ್ವ. ಹಂಗಾಗಿ ತಳಿ ಯಾವುದು ಅಂತ ನನಗ ಮೆಸೇಜ್ ಹಾಕೋಕಿಂತ ಮೊದಲ ಅವ್ವನ್ನ ಕೇಳ್ರಿ. ಅಕಿ ಹೂಂ ಅಂದ್ರ ಕಾಮೆಂಟ್‌ನಾಗ ಬರೀರಿ, ಮುಂದಿನ ಸರಣಿಯೊಳಗ ಖರ್ಚಿನ ಲೆಕ್ಕ ಹಾಕೋಣು.

#ಕಲಬುರಗಿ #ಸ್ಟೇಶನ್‌ಬಜಾರ #ಕಮಲಾಪುರ #ನಾಯಿಸಾಕಣೆ #ಮುಧೋಳನಾಯಿ #ರಿಟ್ರೀವರ್