ಬಿಸಿಲು ಬಡಿದಾಗ

ಊರಿನ ಹೆಸರಿನಲ್ಲಿಯೇ ನೀರಿದೆ. ಆದರೆ ಏಪ್ರಿಲ್ ಕಾಲಿಟ್ಟಿತೆಂದರೆ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಎತ್ತ ನೋಡಿದರೂ ಬಿಸಿಲೇ. ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಬೇಸಗೆ ಹೊಸದಲ್ಲ. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿದುದು ಈ ಝಳದ ದೆಸೆಯಿಂದಲೇ. ಹೊಲದಲ್ಲಿ ದುಡಿಯುವವರಿಗಾಗಲಿ, ಯಲ್ಲಮ್ಮನ ದರ್ಶನಕ್ಕೆಂದು ದೂರದಿಂದ ಬರುವ ಸಂಸಾರಗಳಿಗಾಗಲಿ ಅಂತಹ ರಿಯಾಯಿತಿಯಿಲ್ಲ. ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರನ್ನೇ ಮುಟ್ಟದ ಅಜ್ಜಿಗೆ ಅಪಾಯ ಮತ್ತೂ ಹೆಚ್ಚು.

ಬಿಸಿಲಿನ ಬಾಧೆಯಲ್ಲಿ ಎರಡು ಹಂತಗಳುಂಟು. ಮೊದಲನೆಯದು ಬಳಲಿಕೆ: ವಿಪರೀತ ಬೆವರು, ತಲೆನೋವು, ತಲೆಸುತ್ತು, ಓಕರಿಕೆ, ಮೀನಖಂಡಗಳ ಸೆಳೆತ. ಆದರೆ ಬುದ್ಧಿ ಸ್ತಿಮಿತದಲ್ಲಿರುತ್ತದೆ. ಅಂಥವರನ್ನು ನೆರಳಿಗೆ ತಂದು, ಉಡುಪು ಸಡಿಲಿಸಿ, ಕಾಲು ತುಸು ಎತ್ತರಿಸಿ ಮಲಗಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಮಟ್ಟಸವಾಗಿ ಅಳೆದು ಕದಡಿ, ಗುಟುಕು ಗುಟುಕಾಗಿ ಕುಡಿಸಬೇಕು. ಅರ್ಧ ಗಂಟೆಯಲ್ಲಿ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎರಡನೆಯದು ಉಷ್ಣಾಘಾತ. ಮೈಕಾವು 40 ಡಿಗ್ರಿಗೆ ಏರಿ, ಮಾತು ತೊದಲುತ್ತದೆ, ರೋಗಿ ಗಲಿಬಿಲಿಗೊಳ್ಳುತ್ತಾನೆ, ಸೆಳವು ಬರಬಹುದು, ಎಚ್ಚರ ತಪ್ಪಬಹುದು. ಚರ್ಮ ಒಣಗಿಯೇ ಇರಬೇಕೆಂದಿಲ್ಲ. ಬಿಸಿಲಿನಲ್ಲಿ ದುಡಿದವರ ಮೈ ಆಗಲೂ ಬೆವರುತ್ತಿರಬಹುದು. ಬೆವರನ್ನು ಕಂಡು ಸಮಾಧಾನಪಡದೆ ಬುದ್ಧಿಯ ಸ್ಥಿತಿಯನ್ನು ನೋಡಬೇಕು.

ಇಂತಹ ಗಳಿಗೆಯಲ್ಲಿ ಅಕ್ಕರೆಯೇ ಮುಳುವಾಗುವುದುಂಟು. ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದೀತು. ಜ್ವರದ ಮಾತ್ರೆಯೂ ಫಲಿಸದು; ಜ್ವರದಲ್ಲಿ ಮಿದುಳೇ ಕಾವನ್ನು ಏರಿಸಿರುತ್ತದೆ, ಇಲ್ಲಿಯಾದರೋ ಕಾವು ಹೊರಹೋಗುವ ದಾರಿಯೇ ಸೋತಿರುತ್ತದೆ. ಆದ್ದರಿಂದ ನೀರು ಬೇಕಾದುದು ಬಾಯಿಗಲ್ಲ, ಮೈಗೆ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಒದ್ದೆ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಒಣ ಮೈಗೆ ಬೀಸಿದ ಬಿಸಿಗಾಳಿಯಿಂದ ಪ್ರಯೋಜನವಿಲ್ಲ. ಒದ್ದೆ ಮೈಯ ನೀರು ಆವಿಯಾದಾಗಲೇ ಕಾವು ಇಳಿಯುವುದು. ವಾಹನ ಬರುವವರೆಗೂ ಈ ಉಪಚಾರವನ್ನು ನಿಲ್ಲಿಸಬಾರದು.

ಪ್ರಯಾಣಕ್ಕೆ ಹೊರಡುವ ಮುನ್ನ ಬುತ್ತಿಯ ಜೊತೆಗೆ ಎರಡು ಹೂಜಿ ನೀರು ಕಟ್ಟಿಕೊಳ್ಳುವುದು ಲೇಸು: ಒಂದು ಕುಡಿಯಲು, ಮತ್ತೊಂದು ಮೈಗೆ ಸುರಿಯಲು. ಅಜ್ಜಿ ಬೇಡವೆಂದರೂ ಆಗಾಗ್ಗೆ ಒಂದು ಲೋಟ ಅವರ ಕೈಗೆ ಕೊಡುವುದನ್ನು ಮರೆಯಬಾರದು.