ಹದಿನೇಳು ತಾಸಿನ ಲೆಕ್ಕದಲ್ಲಿ ಬಿಟ್ಟುಹೋದದ್ದು

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ನೇರ ದೂರ ಸುಮಾರು 14,000 ಕಿಲೋಮೀಟರ್. ಹಾರಾಟದ ಅವಧಿ 17 ತಾಸಿಗೂ ಮಿಕ್ಕಿ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ನೆತ್ತಿಯ ಮೇಲೆ ಹಾದು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದಾಗ ಪತ್ರಿಕೆಗಳು ಸಂಭ್ರಮಿಸಿದವು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಹ ಪೈಲಟ್ ಮಹಿಳೆಯರ ಸಾಧನೆ ಸಣ್ಣದಲ್ಲ. ಆಕ್ಷೇಪವಿರುವುದು ಅಂದು ಮಂಡಿಸಿದ ಲೆಕ್ಕದ ಬಗ್ಗೆ.

ಧ್ರುವಮಾರ್ಗದಿಂದ 10 ಟನ್ ಇಂಧನ ಉಳಿಯಿತೆಂದು ಹೇಳಲಾಯಿತು. ಉರಿದದ್ದೆಷ್ಟು? ಆ ಬೋಯಿಂಗ್ 777-200ಎಲ್‌ಆರ್ ಮಾದರಿಯ ವಿಮಾನವು ಅಷ್ಟು ದೂರಕ್ಕೆ 100 ಟನ್ನಿಗೂ ಹೆಚ್ಚು ಇಂಧನ ಸುಡುತ್ತದೆ. ಅದು ಸೀಮೆಎಣ್ಣೆಯ ಜಾತಿಯ ಎಣ್ಣೆ. ಒಂದು ಟನ್ ಉರಿದರೆ, ಗಾಳಿಯ ಆಮ್ಲಜನಕವೂ ಸೇರಿ, ಸುಮಾರು 3.16 ಟನ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 238 ಆಸನಗಳಿಗೆ ಹಂಚಿದರೂ ಹೋಗುವ ದಾರಿಯೊಂದಕ್ಕೇ ತಲಾ 1.3 ಟನ್ ದಾಟುತ್ತದೆ. ನೆಲ ಬಿಡುವಾಗ ಇಂಥ ವಿಮಾನದ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಇಂಧನವೇ ಇರುತ್ತದೆ. ಮೊದಲ ತಾಸುಗಳಲ್ಲಿ ಉರಿಯುವ ಎಣ್ಣೆಯ ಗಣನೀಯ ಪಾಲು ಕೊನೆಯ ತಾಸುಗಳ ಎಣ್ಣೆಯನ್ನು ಹೊರುವುದಕ್ಕೇ ಖರ್ಚು. ದಾರಿಯುದ್ದದ ಹುಲ್ಲನ್ನೆಲ್ಲ ಹೊರಡುವಾಗಲೇ ಗಾಡಿಗೆ ಹೇರಿಕೊಂಡ ಎತ್ತಿನ ಪಾಡು ಇದು.

ಮೊಮ್ಮಗುವನ್ನು ನೋಡಲು ಬದುಕಿನಲ್ಲಿ ಒಮ್ಮೆ ಹಾರುವ ಅಜ್ಜಿಯನ್ನು ಇಲ್ಲಿ ಯಾರೂ ದೂರುತ್ತಿಲ್ಲ. ದೂರಬೇಕಾದದ್ದು ನಿಯಮಗಳನ್ನು. ಶಿರಸಿಯ ವಿದ್ಯಾರ್ಥಿಯೊಬ್ಬ ದೇವನಹಳ್ಳಿ ತಲುಪಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ವಿಮಾನದ ಕೋಷ್ಟಕ ಆ ತಾಸುಗಳನ್ನು ಎಣಿಸುವುದಿಲ್ಲ. ಆ ಬಸ್ಸಿನ ಡೀಸೆಲ್‌ಗೆ, ತೋಟದ ಪಂಪಿನ ಡೀಸೆಲ್‌ಗೆ ಕೇಂದ್ರದ ಸುಂಕವೂ ಉಂಟು, ರಾಜ್ಯದ ಮಾರಾಟ ತೆರಿಗೆಯೂ ಉಂಟು. ದೇಶದಿಂದ ದೇಶಕ್ಕೆ ಹಾರುವ ವಿಮಾನಕ್ಕೆ? ವಿಮಾನದೊಳಗೆ ಉಳಿದಿರುವ ಇಂಧನಕ್ಕೆ, ಅದು ಇಳಿದ ದೇಶ ಸುಂಕ ಹಾಕಬಾರದೆಂದು 1944ರ ಶಿಕಾಗೊ ಒಪ್ಪಂದ ವಿಧಿಸಿತು. ಅನಂತರ ದೇಶದೇಶಗಳು ಮಾಡಿಕೊಂಡ ಕರಾರುಗಳು ಹೊಸದಾಗಿ ತುಂಬಿಸಿಕೊಳ್ಳುವ ಇಂಧನಕ್ಕೂ ಆ ವಿನಾಯಿತಿಯನ್ನು ಹಿಗ್ಗಿಸಿದವು. ಬಡವರ ಬಸ್ಸು ತೆರಿಗೆ ತೆತ್ತು ಘಟ್ಟ ಹತ್ತುತ್ತದೆ. ಧ್ರುವ ದಾಟುವ ವಿಮಾನಕ್ಕೆ ಮಾಫಿ!

ಹೊಗೆಯ ಕಥೆಯೂ ಇಷ್ಟೇ. 1997ರ ಕ್ಯೋಟೊ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ಯಾವ ದೇಶದ ಗುರಿಯೊಳಗೂ ಸೇರಿಸದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಒಪ್ಪಿಸಿತು. ಆ ಸಂಸ್ಥೆ ಎದ್ದು ಕುಳಿತು ಕೊರ್ಸಿಯಾ ಎಂಬ ಯೋಜನೆಯನ್ನು ಅಂಗೀಕರಿಸಿದ್ದು 2016ರಲ್ಲಿ. 2019ರ ಪ್ರಮಾಣದ ಶೇ. 85ನ್ನು ಮೀರಿದ ಹೊಗೆಗೆ ಮಾತ್ರ ಬೇರೆಡೆಯ ಉಳಿತಾಯವನ್ನು ಕಾರ್ಬನ್ ಕ್ರೆಡಿಟ್ ರೂಪದಲ್ಲಿ ಕೊಂಡುಕೊಳ್ಳುವುದು ಅದರ ತಿರುಳು. ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನ ಕ್ರೆಡಿಟ್‌ಗಳು ಈಗಾಗಲೇ ಆ ಸಂತೆಗೆ ಬಂದಿವೆ. ನಾಳೆ ಮಲೆನಾಡಿನ ಸೊಪ್ಪಿನಬೆಟ್ಟವನ್ನೂ ಯಾರಾದರೂ ಅಳೆಯಲು ಬಂದರೆ ಗ್ರಾಮಸ್ಥರು ಮೊದಲು ಒಂದು ಮಾತು ಕೇಳಲಿ: ಮರ ಹಿಡಿದಿಟ್ಟ ಇಂಗಾಲ ಒಂದೇ ಬೇಸಿಗೆಯ ಕಾಳ್ಗಿಚ್ಚಿಗೆ ಗಾಳಿಗೆ ಮರಳಬಲ್ಲದು, ವಿಮಾನ ಬಿಟ್ಟ ಇಂಗಾಲದ ಒಂದು ಪಾಲು ಶತಮಾನಗಳ ಕಾಲ ಅಲ್ಲಿಯೇ ಇರುತ್ತದೆ, ಇವೆರಡನ್ನೂ ಸರಿತೂಗಿಸುವ ತಕ್ಕಡಿ ಯಾವುದು? ಸೊಪ್ಪು ಕೊಯ್ಯುವ ಹಕ್ಕಿನ ಮೇಲೆ ಕೈಯಿಡುವ ಮೊದಲು ವಿಮಾನದ ಎಣ್ಣೆಗೂ ಬಸ್ಸಿನ ಡೀಸೆಲ್ಲಿನಷ್ಟೇ ತೆರಿಗೆ ಬೀಳಲಿ.